ಪೈಲಟ್ ಇಲ್ಲದ ವಿಮಾನ: ಅಂಗೈಯಗಲದ ಮಾದರಿ, ನಿಜದ ಅಳತೆ



ಪರದೆಯ ಮೇಲಿನ ಮಾತುಕತೆಯಲ್ಲಿ ಅಂಕಿಗಳು ಬಂದಷ್ಟೇ ಬೇಗ ಓಡಿಹೋಗುತ್ತವೆ. 'ಎಷ್ಟು ಮಿಲಿಮೀಟರ್ ಅಂದರು?' ಎಂದು ಪಕ್ಕದವರನ್ನು ಕೇಳುವಷ್ಟರಲ್ಲಿ ಮಾತು ಮುಂದಕ್ಕೆ ಹೋಗಿರುತ್ತದೆ. ಈ ಪುಟಗಳಲ್ಲಿ ಆ ಅವಸರವಿಲ್ಲ. ಒಂದು ಸ್ಕೇಲು, ಒಂದು ಪೆನ್ಸಿಲು ಹತ್ತಿರ ಇಟ್ಟುಕೊಂಡು ಓದಿ.

ಮಾನವರಹಿತ ಸೇನಾ ವಿಮಾನದ, ಅಂದರೆ ಡ್ರೋನ್‌ನ, ಕಿರುಮಾದರಿಯನ್ನು ಚರಿತ್ರೆಗೆ ತಪ್ಪಾಗದಂತೆ ಕಟ್ಟುವುದು ಮತ್ತು ಬಣ್ಣ ಹಚ್ಚುವುದು ಹೇಗೆಂಬುದು ನಮ್ಮ ವಿಷಯ. ಇದು ಹಾರುವ ಮಾದರಿಯಲ್ಲ, ಮೇಜಿನ ಮೇಲೆ ಇಡುವ ಮಾದರಿ. 'ಆಟಿಕೆ ತಾನೆ, ಅದರಲ್ಲೇನು ಚರಿತ್ರೆ?' ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಕೇಳಬಹುದು. ಪೈಲಟ್ ಇದ್ದ ವಿಮಾನಕ್ಕೆ ಸಾಕ್ಷಿಗಳು ಹಲವರು. ಪೈಲಟ್ ಆತ್ಮಕಥೆ ಬರೆಯುತ್ತಾನೆ, ಮೊಮ್ಮಕ್ಕಳಿಗೆ ಕಥೆ ಹೇಳುತ್ತಾನೆ. ಡ್ರೋನ್‌ನೊಳಗೆ ಕುಳಿತು ನೋಡಿದವರು ಯಾರೂ ಇಲ್ಲ. ಫೋಟೋ, ದಾಖಲೆ, ಮೂಗಿನ ಮೇಲೆ ಬಳಿದ ಗುರುತು, ಇಷ್ಟೇ ಉಳಿಯುವುದು. ಅವನ್ನು ಸರಿಯಾಗಿ ಓದಬಲ್ಲವನ ಕೈಯಲ್ಲಿ ಮಾದರಿಯೂ ಒಂದು ದಾಖಲೆಯಾಗುತ್ತದೆ. ತಪ್ಪಾಗಿ ಓದಿದರೆ ಅಂದವಾದ ಸುಳ್ಳೊಂದು ಗಾಜಿನ ಪೆಟ್ಟಿಗೆಯಲ್ಲಿ ಕುಳಿತು, ನೋಡಿದವರಿಗೆಲ್ಲ ಅದನ್ನೇ ಕಲಿಸುತ್ತಿರುತ್ತದೆ.

ಅಳತೆಯ ಲೆಕ್ಕ

ಮಾದರಿ ವಿಮಾನಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣಗಳು 1/72 ಮತ್ತು 1/48. ನಿಜವಾದ ವಿಮಾನದ 72 ಅಂಗುಲ, ಅಂದರೆ ಆರು ಅಡಿ, ಮೊದಲನೆಯದರಲ್ಲಿ ಒಂದು ಅಂಗುಲವಾಗುತ್ತದೆ. ಎರಡನೆಯದರಲ್ಲಿ ನಾಲ್ಕು ಅಡಿಗೆ ಒಂದು ಅಂಗುಲ. ಆರಡಿ ಎತ್ತರದ ಸೈನಿಕ 1/72ರಲ್ಲಿ ನಿಮ್ಮ ಹೆಬ್ಬೆರಳಿನ ಒಂದು ಗೆಣ್ಣಿನಷ್ಟಾಗುತ್ತಾನೆ.

ಈ ಲೆಕ್ಕವನ್ನು ತಿರುಗಿಸಿಯೂ ನೋಡಿ. 1/72ರ ಮಾದರಿಯ ಮೈಮೇಲೆ ತಗಡುಗಳು ಕೂಡುವ ಗೆರೆಯನ್ನು ನೀವು ಅರ್ಧ ಮಿಲಿಮೀಟರ್ ಅಗಲಕ್ಕೆ ಕೊರೆದಿರಿ ಎಂದುಕೊಳ್ಳಿ. ನಿಜವಾದ ವಿಮಾನದಲ್ಲಿ ಅದು 36 ಮಿಲಿಮೀಟರಿನ ಬಿರುಕು! ಬೆರಳು ತೂರುವಷ್ಟು ಸಂದಿರುವ ವಿಮಾನ ಹಾರೀತೇ? ಬಣ್ಣವೂ ಹಾಗೆಯೇ. ಹತ್ತನೇ ಒಂದು ಮಿಲಿಮೀಟರ್ ದಪ್ಪಕ್ಕೆ ಬಳಿದ ಬಣ್ಣ ನಿಜದಲ್ಲಿ ಏಳು ಮಿಲಿಮೀಟರಿನ ಗಾರೆಯಾಗುತ್ತದೆ. ಬಣ್ಣವನ್ನು ತೆಳ್ಳಗೆ ಮಾಡಿ, ಒಂದು ಪದರ ಒಣಗಿದ ಮೇಲೆ ಇನ್ನೊಂದನ್ನು ಹಚ್ಚಿ ಎಂದು ಅನುಭವಸ್ಥರು ಹೇಳುವುದು ಬರಿಯ ಅಂದಕ್ಕಾಗಿ ಅಲ್ಲ. ಅದು ಅಳತೆಯ ಪ್ರಶ್ನೆ.

ರಾಣಿ ಜೇನಿನಿಂದ ಶುರು

ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿ 1935ರಲ್ಲಿ ಒಂದು ವಿಮಾನವನ್ನು ಹಾರಿಸಿತು. ಅದರ ಹೆಸರು ಕ್ವೀನ್ ಬೀ, ಅಂದರೆ ರಾಣಿ ಜೇನು. ವಿಮಾನ ಹೊಡೆದುರುಳಿಸುವ ಫಿರಂಗಿಯವರಿಗೆ ಗುರಿಯ ಅಭ್ಯಾಸ ಬೇಕಿತ್ತು. ಅದಕ್ಕಾಗಿ ನೆಲದಿಂದ ರೇಡಿಯೋ ಮೂಲಕ ನಡೆಸಬಹುದಾದ ವಿಮಾನ ಇದು. ನೆಲದ ಮೇಲಿದ್ದವನು ಆದೇಶ ಕೊಡುತ್ತಿದ್ದುದು ಹಳೆಯ ಟೆಲಿಫೋನಿನಂಥ ಡಯಲ್ ತಿರುಗಿಸಿ. ಸುಮಾರು 400 ಇಂಥ ವಿಮಾನಗಳು ತಯಾರಾದವು. ಗಂಡು ಜೇನಿಗೆ ಇಂಗ್ಲಿಷಿನಲ್ಲಿ ಡ್ರೋನ್ ಎಂಬ ಹೆಸರಿದೆ. ಪೈಲಟ್ ಇಲ್ಲದ ವಿಮಾನಕ್ಕೆ ಆ ಪದ ಅಂಟಿಕೊಂಡದ್ದು ಈ ರಾಣಿಯ ಹಿಂದೆಯೇ ಎಂಬ ವಿವರಣೆ ಪ್ರಚಲಿತವಾಗಿದೆ.

ಕ್ವೀನ್ ಬೀ ನೋಡಲು ಟೈಗರ್ ಮಾತ್ ಎಂಬ ತರಬೇತಿ ವಿಮಾನದಂತೆಯೇ ಇದೆ. ಟೈಗರ್ ಮಾತ್‌ನ 1/72 ಕಿಟ್ಟನ್ನು ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ 1950ರ ದಶಕದಿಂದಲೇ ಮಾರಿದೆ. ಅದನ್ನು ಕೊಂಡು, ಜೋಡಿಸಿ, 'ಕ್ವೀನ್ ಬೀ' ಎಂದು ಚೀಟಿ ಅಂಟಿಸಿದರೆ ಆಯಿತಲ್ಲ ಎಂದು ಅನ್ನಿಸುವುದು ಸಹಜ. ಆಗುವುದಿಲ್ಲ. ಟೈಗರ್ ಮಾತ್‌ನ ಒಡಲು ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ ಬಹುಭಾಗ ಬಟ್ಟೆಯ ಹೊದಿಕೆ. ಕ್ವೀನ್ ಬೀಯ ಒಡಲು ಮರ ಮತ್ತು ಪ್ಲೈವುಡ್ಡಿನದು. ಗುಂಡೇಟಿಗೆ ಬೀಳಲೆಂದೇ ಹುಟ್ಟಿದ ವಿಮಾನಕ್ಕೆ ಉಕ್ಕಿನ ದುಬಾರಿ ಒಡಲು ಯಾಕೆ ಎಂಬ ಲೆಕ್ಕಾಚಾರ ಅದರ ಹಿಂದಿದೆ. ರೆಕ್ಕೆಗಳು ಮಾತ್ರ ಟೈಗರ್ ಮಾತ್‌ನವೇ.

ಮಾದರಿ ಮಾಡುವವರಿಗೆ ಇದರಿಂದ ಏನು? ಬಟ್ಟೆ ಹೊದಿಸಿದ ಮೈ ಹಂದರದ ನಡುನಡುವೆ ತುಸು ತಗ್ಗಿ ಕಾಣುತ್ತದೆ, ಒಣಗಿದ ಹಪ್ಪಳದ ಮೈಯಂತೆ. ಪ್ಲೈವುಡ್ ಮೈ ಹಾಗಿರದು. ನೇರವಾಗಿ, ಬಿಗಿಯಾಗಿ ಇರುತ್ತದೆ. ಆದ್ದರಿಂದ ಕಿಟ್ಟಿನ ಒಡಲ ಮೇಲೆ ಅಚ್ಚಾಗಿರುವ ಬಟ್ಟೆಯ ಗುರುತುಗಳನ್ನು ಪುಟ್ಟಿ ತುಂಬಿ, ವಾಟರ್ ಪೇಪರ್‌ನಿಂದ ನೀರು ಹಾಕಿ ಉಜ್ಜಿ ಅಳಿಸಬೇಕು. ರೆಕ್ಕೆಯ ಮೇಲಿನ ಗುರುತುಗಳನ್ನು ಹಾಗೆಯೇ ಉಳಿಸಬೇಕು. ಹಿಂದಿನ ಆಸನದ ಜಾಗದಲ್ಲಿ ರೇಡಿಯೋ ಉಪಕರಣ ಇತ್ತು, ಆದ್ದರಿಂದ ಅಲ್ಲಿ ಪೈಲಟ್ಟಿನ ಬೊಂಬೆ ಕೂರಿಸಬಾರದು. ಮುಂದಿನ ಆಸನದಿಂದ ಮನುಷ್ಯನೂ ಅದನ್ನು ಹಾರಿಸಬಹುದಾಗಿತ್ತು, ಹಾಗಾಗಿ ಅಲ್ಲಿಯ ಆಸನವನ್ನು ತೆಗೆಯಬೇಡಿ. ರೆಕ್ಕೆಯ ಹರವು 8.94 ಮೀಟರ್, 72ರಿಂದ ಭಾಗಿಸಿದರೆ 124 ಮಿಲಿಮೀಟರ್. ಕಿಟ್ಟಿನ ಪೆಟ್ಟಿಗೆ ತೆರೆದೊಡನೆ ಮೊದಲು ಅಳೆಯಬೇಕಾದದ್ದು ಇದನ್ನೇ.

ಕಪ್ಪು-ಬಿಳುಪಿನ ಮೋಸ

ಕ್ವೀನ್ ಬೀಯ ಒಂದು ಪ್ರಸಿದ್ಧ ಛಾಯಾಚಿತ್ರವಿದೆ. 1941ರ ಜೂನ್ 6ರಂದು ತೆಗೆದದ್ದು. ಬ್ರಿಟನ್ನಿನ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಮತ್ತು ಯುದ್ಧ ಸಚಿವ ಡೇವಿಡ್ ಮಾರ್ಗೆಸನ್ ಈ ವಿಮಾನದ ಉಡಾವಣೆ ನೋಡಲು ಕಾದು ನಿಂತಿದ್ದಾರೆ. ಒಂದು ವಿಮಾನ, ಒಂದು ದಿನ, ಒಂದು ಜಾಗ: ಚರಿತ್ರೆಗೆ ನಿಷ್ಠವಾದ ಮಾದರಿಗೆ ಇಂಥ ಒಂದು ಚಿತ್ರವೇ ಅತ್ಯುತ್ತಮ ಆರಂಭ. 'ಒಂದು ಕ್ವೀನ್ ಬೀ ಮಾಡುತ್ತೇನೆ' ಎನ್ನಬೇಡಿ, 'ಆ ದಿನದ ಆ ಕ್ವೀನ್ ಬೀ ಮಾಡುತ್ತೇನೆ' ಎನ್ನಿ. ಆಗ ಅನುಮಾನಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ.

ಉಳಿದರ್ಧ ಬಣ್ಣದ್ದು. ಯುದ್ಧಕ್ಕೆ ಮುಂಚಿನ ಕ್ವೀನ್ ಬೀಗಳಿಗೆ ಬೆಳ್ಳಿಯ ಬಣ್ಣವಿತ್ತು. ಯುದ್ಧ ಬಂದ ಮೇಲೆ ಮೇಲ್ಮೈಗೆ ಹಸಿರು-ಕಂದಿನ ಮರೆಮಾಚುವ ಬಣ್ಣ ಬಂತು. ಕಪ್ಪು-ಬಿಳುಪು ಚಿತ್ರದಲ್ಲಿ ಇದನ್ನೆಲ್ಲ ಗುರುತಿಸುವುದು ಹೇಗೆ? ಇಲ್ಲಿ ನಿಮ್ಮ ಭೌತಶಾಸ್ತ್ರದ ಪಾಠ ನೆರವಿಗೆ ಬರುತ್ತದೆ. ಆ ಕಾಲದಲ್ಲಿ ಬಳಕೆಯಲ್ಲಿದ್ದ ಒಂದು ಬಗೆಯ ಫಿಲಂಗೆ, ಆರ್ಥೋಕ್ರೊಮ್ಯಾಟಿಕ್ ಫಿಲಂಗೆ, ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ ಎನ್ನಬಹುದು. ಆದ್ದರಿಂದ ಕೆಂಪು ಬಣ್ಣ ಕಪ್ಪಾಗಿ ಮೂಡುತ್ತಿತ್ತು, ನೀಲಿ ಬಿಳಿಚಿಕೊಳ್ಳುತ್ತಿತ್ತು. ಹಳದಿಯಂಥ ಹೊಳೆಯುವ ಬಣ್ಣವೂ ಮಂಕಾಗಿ, ಗಾಢವಾಗಿ ಕಾಣುತ್ತಿತ್ತು. ಪ್ಯಾಂಕ್ರೊಮ್ಯಾಟಿಕ್ ಎಂಬ ಇನ್ನೊಂದು ಬಗೆಯ ಫಿಲಂನಲ್ಲಿ ಇದೇ ಹಳದಿ ತಿಳಿಯಾಗಿ ಮೂಡುತ್ತದೆ. ಒಂದೇ ವಿಮಾನ, ಎರಡು ಫಿಲಂ, ಎರಡು ಬೇರೆ ವಿಮಾನಗಳಂತೆ ಕಾಣುವ ಚಿತ್ರಗಳು!

ಇದಕ್ಕೆ ಒಂದು ಉಪಾಯವಿದೆ. ಬ್ರಿಟಿಷ್ ವಿಮಾನಗಳ ಮೇಲಿನ ವೃತ್ತಾಕಾರದ ಚಿಹ್ನೆಯಲ್ಲಿ ಕೆಂಪು ಮತ್ತು ನೀಲಿ ಎರಡೂ ಇರುತ್ತವೆ ಎಂಬುದು ನಮಗೆ ಗೊತ್ತು. ಚಿತ್ರದಲ್ಲಿ ಒಳಗಿನ ಕೆಂಪು ಕಪ್ಪಾಗಿ, ಹೊರಗಿನ ನೀಲಿ ತಿಳಿಯಾಗಿ ಇದ್ದರೆ ಅದು ಮೊದಲ ಬಗೆಯ ಫಿಲಂ. ಗೊತ್ತಿರುವ ಬಣ್ಣದಿಂದ ಗೊತ್ತಿಲ್ಲದ ಬಣ್ಣಕ್ಕೆ ಹೋಗುವ ದಾರಿ ಇದು. ಪತ್ತೇದಾರಿ ಕಾದಂಬರಿ ಓದುವವರಿಗೆ ಈ ಕೆಲಸ ಬಹಳ ಹಿಡಿಸೀತು.

ಮಾತಿನ ನಡುವೆ ಇನ್ನೊಂದು ಚಿತ್ರದ ಸಂಗತಿ. ಎರಡನೇ ಮಹಾಯುದ್ಧದ ಕೊನೆಯ ಭಾಗದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ರೇಡಿಯೋಪ್ಲೇನ್ ಎಂಬ ಕಾರ್ಖಾನೆಯಲ್ಲಿ, ಕೈಯಲ್ಲಿ ಪ್ರೊಪೆಲರ್ ಹಿಡಿದು ನಿಂತ ಯುವತಿಯೊಬ್ಬಳ ಫೋಟೋವನ್ನು ಸೇನಾ ಛಾಯಾಗ್ರಾಹಕ ಡೇವಿಡ್ ಕೊನೊವರ್ ತೆಗೆದರು. ಆಕೆ ನಾರ್ಮಾ ಜೀನ್. ಮುಂದೆ ಜಗತ್ತು ಆಕೆಯನ್ನು ಮರ್ಲಿನ್ ಮನ್ರೋ ಎಂದು ಕರೆಯಿತು. ಎಲ್ಲರೂ ಆ ಚಿತ್ರದಲ್ಲಿ ಮುಖ ನೋಡುತ್ತಾರೆ, ಮಾದರಿ ಮಾಡುವವರು ಪ್ರೊಪೆಲರ್ ನೋಡುತ್ತಾರೆ. ಆ ಕಾರ್ಖಾನೆಯ ಓಕ್ಯೂ-2ಎ ಎಂಬ ಗುರಿ ವಿಮಾನಕ್ಕೆ ಎದುರು-ಬದುರಾಗಿ ತಿರುಗುವ ಎರಡು ಪ್ರೊಪೆಲರ್‌ಗಳಿದ್ದವು, ಮುಂದಿನ ಓಕ್ಯೂ-3ಕ್ಕೆ ಒಂದೇ. ಎಣಿಸುವುದನ್ನು ಮರೆಯಬೇಡಿ.

ಹೆಸರು ಒಂದು, ದೇಹ ಹಲವು

ಡ್ರೋನ್ ಮಾದರಿಗಳಲ್ಲಿ ಅತಿ ಹೆಚ್ಚು ಎಡವಿಸುವುದು ಅಮೆರಿಕದ ರಯಾನ್ ಕಂಪನಿಯ ಫೈರ್‌ಬೀ ಕುಟುಂಬ. ಇದೂ ಗುರಿಯ ಅಭ್ಯಾಸಕ್ಕೆಂದು ಹುಟ್ಟಿದ್ದೇ, ಆದರೆ ಜೆಟ್ ಎಂಜಿನ್ನಿನದು. ಮೊದಲ ತಲೆಮಾರಿನ ಕ್ಯೂ-2ಎಯಲ್ಲಿ ಗಾಳಿ ಒಳಹೋಗುವ ಬಾಯಿ ಮೂಗಿನ ಸುತ್ತ ದುಂಡಗಿದೆ. ಆಮೇಲಿನ ಬಿಕ್ಯುಎಂ-34ಎಯಲ್ಲಿ ಮೂಗು ಚೂಪಾಗಿ ಮುಂದೆ ಚಾಚಿದೆ, ಬಾಯಿ ಗಲ್ಲದ ಕೆಳಗೆ ಬಂದಿದೆ. ಉಕ್ರೇನಿನ ಐಸಿಎಂ ಕಂಪನಿ 1/48ರಲ್ಲಿ ತಂದಿರುವುದು ಹಳೆಯ ಕ್ಯೂ-2ಎಯನ್ನು. ಪೆಟ್ಟಿಗೆಯ ಮೇಲೆ ಫೈರ್‌ಬೀ ಎಂದಿದೆ ಎಂದುಕೊಂಡು ಅದಕ್ಕೆ 1970ರ ಗುರುತುಗಳನ್ನು ಅಂಟಿಸಿದರೆ ತಾತನಿಗೆ ಮೊಮ್ಮಗನ ಅಂಗಿ ತೊಡಿಸಿದಂತಾಗುತ್ತದೆ.

1964ರಿಂದ 1975ರವರೆಗೆ ಈ ಫೈರ್‌ಬೀಯನ್ನೇ ಬದಲಾಯಿಸಿ ಚೀನಾ ಮತ್ತು ವಿಯೆಟ್ನಾಂಗಳ ಮೇಲೆ ಬೇಹುಗಾರಿಕೆಯ ಫೋಟೋ ತೆಗೆಯಲು ಕಳುಹಿಸಲಾಯಿತು. ಇವಕ್ಕೆ ಲೈಟ್ನಿಂಗ್ ಬಗ್ ಎಂದು ಹೆಸರು. ಒಟ್ಟು ಹಾರಾಟಗಳು 3,400ಕ್ಕೂ ಹೆಚ್ಚು. ಸಿ-130 ವಿಮಾನದ ರೆಕ್ಕೆಯಡಿ ನೇತುಹಾಕಿಕೊಂಡು ಹೋಗಿ ಬಿಡುತ್ತಿದ್ದರು. ಕೆಲಸ ಮುಗಿಸಿ ಬಂದದ್ದು ಪ್ಯಾರಾಶೂಟಿನಲ್ಲಿ ಇಳಿಯುವಾಗ ಹೆಲಿಕಾಪ್ಟರ್ ಅದನ್ನು ಗಾಳಿಯಲ್ಲೇ ಕೊಕ್ಕೆ ಹಾಕಿ ಹಿಡಿಯುತ್ತಿತ್ತು. ಹೀಗಾಗಿ ಈ ವಿಮಾನಕ್ಕೆ ಚಕ್ರಗಳೇ ಇಲ್ಲ. ಮಾದರಿಯನ್ನು ತಳ್ಳುಗಾಡಿಯ ಮೇಲೆ ಇಡಬೇಕು, ಇಲ್ಲವೇ ರೆಕ್ಕೆಯಡಿ ತೂಗಿಸಬೇಕು.

ಈಗ ಅಳತೆ ನೋಡಿ. ಗುರಿ ವಿಮಾನವಾದ ಬಿಕ್ಯುಎಂ-34ಎ 6.98 ಮೀಟರ್ ಉದ್ದ. ಕೆಳಮಟ್ಟದಲ್ಲಿ ಹಾರುತ್ತಿದ್ದ ಬೇಹುಗಾರ 147ಎಸ್‌ಸಿ ಸುಮಾರು 8.8 ಮೀಟರ್. ರೆಕ್ಕೆಯ ಹರವು ಎರಡಕ್ಕೂ ಹೆಚ್ಚುಕಡಿಮೆ ಒಂದೇ, ನಾಲ್ಕು ಮೀಟರಿಗೆ ತುಸು ಕಡಿಮೆ. 1/48ರಲ್ಲಿ ಒಂದು 145 ಮಿಲಿಮೀಟರ್, ಇನ್ನೊಂದು 183. ಮೂವತ್ತೆಂಟು ಮಿಲಿಮೀಟರ್ ಒಡಲನ್ನು ನೀವೇ ಸೇರಿಸಬೇಕು. ಎತ್ತರದಲ್ಲಿ ಹಾರುತ್ತಿದ್ದ 147ಎಚ್‌ಗಾದರೆ ರೆಕ್ಕೆಯೇ 9.75 ಮೀಟರ್. ಯಾಕೆಂದು ಊಹಿಸಬಲ್ಲಿರಾ? ಮೇಲೆ ಗಾಳಿ ತೆಳು. ತೆಳು ಗಾಳಿಯಲ್ಲಿ ಅದೇ ಭಾರವನ್ನು ಹೊರಲು ದೊಡ್ಡ ರೆಕ್ಕೆ ಬೇಕು.

147ಎಸ್‌ಸಿಗಳಲ್ಲಿ ಒಂದಕ್ಕೆ 'ಟಾಮ್ ಕ್ಯಾಟ್' ಎಂದು ಸೈನಿಕರೇ ಹೆಸರಿಟ್ಟಿದ್ದರು. ಅದು 68 ಹಾರಾಟಗಳವರೆಗೆ ಬಾಳಿತು, ಬಳಿಕ ಹಿಂದಿರುಗಲಿಲ್ಲ. ಅದರ ಮೈಮೇಲೆ ಹಾರಾಟದ ಗುರುತುಗಳು ಸಾಲು ಸಾಲಾಗಿದ್ದವು. ನೀವು ಟಾಮ್ ಕ್ಯಾಟ್ ಮಾಡುವುದಾದರೆ ಎಷ್ಟು ಗುರುತು ಹಾಕುತ್ತೀರಿ ಎನ್ನುವುದರ ಮೇಲೆ ನಿಮ್ಮ ಮಾದರಿಯ ದಿನಾಂಕ ನಿರ್ಧಾರವಾಗುತ್ತದೆ. ನಲವತ್ತು ಗುರುತು ಹಾಕಿದರೆ ಅದು ನಲವತ್ತನೆಯ ಹಾರಾಟದಿಂದ ಬಂದ ಮರುದಿನದ ವಿಮಾನ. ಆ ದಿನದ ಫೋಟೋ ಇಲ್ಲದೆ, ಚಂದಕ್ಕೆಂದು ಸಂಖ್ಯೆ ಕೂಡಿಸುವುದು ಸಲ್ಲದು.

ಗುರುತುಗಳ ಮಾತು ಬಂದಿರುವುದರಿಂದ ಒಂದು ಕಹಿ ಸಂಗತಿಯನ್ನೂ ಹೇಳಬೇಕು. ಅಮೆರಿಕದ ಪ್ರೆಡೇಟರ್ ಡ್ರೋನ್ 1994ರಲ್ಲಿ ಮೊದಲು ಹಾರಿತು. 1995ರಲ್ಲಿ ಬಾಸ್ನಿಯಾದ ಮೇಲೆ ಹಾರಿದಾಗ ಅದರಲ್ಲಿದ್ದದ್ದು ಕ್ಯಾಮೆರಾ ಮಾತ್ರ. ಕ್ಷಿಪಣಿ ಹಾರಿಸುವ ಪರೀಕ್ಷೆ ನಡೆದದ್ದು 2001ರ ಫೆಬ್ರುವರಿಯಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ, ಆಫ್ಘಾನಿಸ್ತಾನದಲ್ಲಿ, 3034 ಎಂಬ ಸಂಖ್ಯೆಯ ಪ್ರೆಡೇಟರ್ ಯುದ್ಧದಲ್ಲಿ ಮೊದಲ ಬಾರಿ ಕ್ಷಿಪಣಿ ಹಾರಿಸಿತು. ಆ ವಿಮಾನ ಮುಂದೆ ವಾಷಿಂಗ್‌ಟನ್ನಿನ ಸ್ಮಿತ್ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯ ಸೇರಿತು. ಕಿಟ್ಟಿನೊಳಗೆ ಕ್ಷಿಪಣಿಗಳಿವೆ ಎಂಬ ಒಂದೇ ಕಾರಣಕ್ಕೆ ಬಾಸ್ನಿಯಾದ ಪ್ರೆಡೇಟರ್‌ಗೆ ಅವನ್ನು ನೇತುಹಾಕಿದರೆ, ಫೋಟೋ ತೆಗೆಯಲು ಬಂದವನ ಕೈಗೆ ಬಂದೂಕು ಕೊಟ್ಟಂತೆ. ಹಾಗೆಯೇ 3034ರ ಮಾದರಿ ಮಾಡಿ, ಕ್ಷಿಪಣಿ ನೋಡಲು ಚೆನ್ನಾಗಿಲ್ಲ ಎಂದು ಅದನ್ನು ಬಿಟ್ಟರೆ, ನಡೆದದ್ದನ್ನು ಮುಚ್ಚಿಟ್ಟಂತೆ. ಎರಡೂ ಸುಳ್ಳೇ. ಕೆಳಗೆ ನೆಲದ ಮೇಲೆ ಇದ್ದವರ ಪಾಲಿಗೆ ಈ ಎರಡು ಪ್ರೆಡೇಟರ್‌ಗಳು ಒಂದೇ ಆಗಿರಲಿಲ್ಲ.

ನಮ್ಮೂರಿನ ಲಕ್ಷ್ಯ

ಕಿಟ್ಟುಗಳಿಗೆ ಹಣ ಬೇಕು. ಬಹುತೇಕ ಹೊರದೇಶದಿಂದ ಬರಬೇಕು. ಆದ್ದರಿಂದ ಕೈಯಾರೆ ಮೊದಲಿನಿಂದ ಕಟ್ಟುವ ಒಂದು ಮಾದರಿಯನ್ನು ನಾನು ನಿಮಗೆ ಹೇಳಬಯಸುತ್ತೇನೆ. ಅದು ಬೆಂಗಳೂರಿನಲ್ಲಿ, ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಅಭಿವೃದ್ಧಿ ಪ್ರಯೋಗಾಲಯವಾದ ಎಡಿಇಯಲ್ಲಿ ರೂಪುಗೊಂಡ 'ಲಕ್ಷ್ಯ'. ಅದರ ಪುಟ್ಟ ಜೆಟ್ ಎಂಜಿನ್ ಪಿಟಿಎಇ-7 ತಯಾರಾದದ್ದೂ ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ವಾಯುಪಡೆಗೆ ಅದು ಸೇರಿದ್ದು 2000ದಲ್ಲಿ. ಹೆಸರೇ ಹೇಳುವಂತೆ ಇದೂ ಗುರಿ ವಿಮಾನ. ಆದರೆ ಗುಂಡು ತಿನ್ನುವುದು ಅದರ ಕೆಲಸವಲ್ಲ. ಉದ್ದನೆಯ ತಂತಿಯ ತುದಿಯಲ್ಲಿ ಒಂದು ಗುರಿಯನ್ನು ತನ್ನ ಹಿಂದೆ ದೂರದಲ್ಲಿ ಎಳೆದುಕೊಂಡು ಹೋಗುತ್ತದೆ, ಹೊಡೆಯುವವರು ಅದಕ್ಕೆ ಹೊಡೆಯಬೇಕು. ರೆಕ್ಕೆಯಡಿಯ ಆ ಎಳೆಗುರಿಗಳನ್ನು ಬಿಟ್ಟು ಲಕ್ಷ್ಯ ಮಾಡಿದರೆ ಅದರ ಕಸುಬನ್ನೇ ಬಿಟ್ಟಂತೆ.

ಉದ್ದ 5.87 ಮೀಟರ್, ರೆಕ್ಕೆಯ ಹರವು 3 ಮೀಟರ್. 1/24 ಪ್ರಮಾಣ ತೆಗೆದುಕೊಳ್ಳಿ: ಉದ್ದ ಇಪ್ಪತ್ತನಾಲ್ಕೂವರೆ ಸೆಂಟಿಮೀಟರ್, ಹರವು ಹನ್ನೆರಡೂವರೆ. ಮೊದಲ ಪ್ರಯತ್ನಕ್ಕೆ ಕೈಗೆ ಹಿಡಿಯುವ ಅಳತೆ ಇದು. ಉಳಿದ ಅಳತೆಗಳನ್ನು ಪಕ್ಕದಿಂದ ತೆಗೆದ ಫೋಟೋದಿಂದ ಪಡೆಯಬಹುದು. ಚಿತ್ರದಲ್ಲಿ ವಿಮಾನದ ಉದ್ದ 14.7 ಸೆಂಟಿಮೀಟರ್ ಇದೆ ಎಂದುಕೊಳ್ಳಿ. 587ನ್ನು 14.7ರಿಂದ ಭಾಗಿಸಿದರೆ ಸುಮಾರು 40. ಅಂದರೆ ಚಿತ್ರದ ಒಂದು ಸೆಂಟಿಮೀಟರ್ ನಿಜದ 40 ಸೆಂಟಿಮೀಟರ್. ಚಿತ್ರದಲ್ಲಿ 1.2 ಸೆಂಟಿಮೀಟರ್ ಇರುವ ಭಾಗ ನಿಜದಲ್ಲಿ 48, ನಿಮ್ಮ ಮಾದರಿಯಲ್ಲಿ 2. ಆದರೆ ಒಂದು ಎಚ್ಚರಿಕೆ: ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮುಂದಿರುವುದು ಹಿಗ್ಗಿ, ಹಿಂದಿರುವುದು ಕುಗ್ಗಿ ಕಾಣುತ್ತದೆ. ದೂರದಿಂದ, ನೇರ ಪಕ್ಕದಿಂದ ತೆಗೆದದ್ದನ್ನೇ ಆರಿಸಿ. ಬೆಂಗಳೂರಿನ ಎಚ್‌ಎಎಲ್ ಪಾರಂಪರಿಕ ಕೇಂದ್ರ ಲಕ್ಷ್ಯವನ್ನು ಪ್ರದರ್ಶನಕ್ಕಿಟ್ಟ ಸ್ಥಳಗಳಲ್ಲಿ ಒಂದು. ಅಂಥ ಕಡೆ ಹೋದಾಗ ಅದರ ಮುಂದೆ ನಿಂತು ನಿಮ್ಮ ಫೋಟೋ ತೆಗೆಸಿಕೊಳ್ಳುವ ಮೊದಲು ಅದರ ಹೊಟ್ಟೆಯಡಿಯ ಫೋಟೋ ತೆಗೆಯಿರಿ. ಪುಸ್ತಕಗಳಲ್ಲಿ ಸಿಗದಿರುವುದು ಅದೇ.

ಒಡಲಿಗೆ ಬಾಲ್ಸಾ ಮರ ಒಳ್ಳೆಯದು; ಸಿಗದಿದ್ದರೆ ಸರಿಯಾದ ದಪ್ಪದ ವೈರಿಂಗ್ ಪೈಪು ಸಾಕು. ಮೂಗನ್ನು ಎಂ-ಸೀಲ್‌ನಲ್ಲಿ ಮೆತ್ತಿ, ಗಟ್ಟಿಯಾದ ಮೇಲೆ ಉಜ್ಜಿ. ರೆಕ್ಕೆಗೆ ತೆಳು ಪ್ಲಾಸ್ಟಿಕ್ ಹಾಳೆ. ಮುಂದಿನ ಅಂಚು ದುಂಡಗೆ, ಹಿಂದಿನ ಅಂಚು ತೆಳ್ಳಗೆ. ಮರದ ಮೈಗೆ ಪುಟ್ಟಿ ಬಳಿದು ಉಜ್ಜುವ ಕೆಲಸವನ್ನು ಮೂರು ನಾಲ್ಕು ಸಲ ಮಾಡಬೇಕಾಗುತ್ತದೆ. ಮರದ ಎಳೆ ಬಣ್ಣದಡಿ ಕಂಡರೆ ಅದು ವಿಮಾನವಾಗಿ ಉಳಿಯದು, ಚನ್ನಪಟ್ಟಣದ ಬೊಂಬೆಯಾದೀತು. (ಆ ಬೊಂಬೆಗಳ ಮೇಲೆ ನನಗೆ ಪ್ರೀತಿ ಉಂಟು, ಆದರೆ ಅವುಗಳ ದಾರಿ ಬೇರೆ.) ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರನ್ನು ಪ್ಲಾಸ್ಟಿಕ್ ಕಿಟ್ಟಿಗಾಗಲಿ ಥರ್ಮೋಕೋಲಿಗಾಗಲಿ ಮುಟ್ಟಿಸಬೇಡಿ, ಅದು ಅವನ್ನು ಕರಗಿಸಿಬಿಡುತ್ತದೆ. ಬ್ಲೇಡನ್ನು ಸದಾ ಬೆರಳಿನಿಂದ ಆಚೆಗೆ ಎಳೆಯಿರಿ, ಕಿಟಕಿ ತೆರೆದಿಟ್ಟು ಬಣ್ಣ ಹಚ್ಚಿ.

ಇನ್ನು ಬಣ್ಣ. ಲಕ್ಷ್ಯದ್ದು ದೂರಕ್ಕೂ ಕಣ್ಣಿಗೆ ಹೊಡೆಯುವ ಕೇಸರಿಗೆಂಪು. ಈ ಬಣ್ಣದ ಗುಟ್ಟು ಅದರ ಕೆಳಗಿನ ಬಿಳಿಯಲ್ಲಿದೆ. ಕಿತ್ತಳೆ, ಹಳದಿ, ಕೆಂಪುಗಳು ಬೆಳಕನ್ನು ಸ್ವಲ್ಪ ಒಳಬಿಡುವ ಬಣ್ಣಗಳು. ಅಡಿಯಲ್ಲಿ ಬೂದು ಇದ್ದರೆ ಆ ಬೆಳಕು ಅಲ್ಲೇ ಹೂತುಹೋಗಿ ಇಟ್ಟಿಗೆಯ ಬಣ್ಣವಾಗುತ್ತದೆ, ಬಿಳಿ ಇದ್ದರೆ ಹಿಂದಿರುಗಿ ಹೊಳೆಯುತ್ತದೆ. ಇನ್ನೊಂದು ಸೂಕ್ಷ್ಮ: ದೂರದ ಗುಡ್ಡ ತಿಳಿನೀಲಿಯಾಗಿ ಕಾಣುವಂತೆ, ದೂರದ ವಿಮಾನದ ಬಣ್ಣವೂ ಮಸುಕಾಗಿ ಕಾಣುತ್ತದೆ. ಪುಟ್ಟ ಮಾದರಿಯನ್ನು ನೋಡುವುದೆಂದರೆ ದೊಡ್ಡ ವಿಮಾನವನ್ನು ದೂರದಿಂದ ನೋಡಿದಂತೆಯೇ. ಹಾಗಾಗಿ ಹಲವರು ಮೂಲ ಬಣ್ಣಕ್ಕೆ ಒಂದೆರಡು ಹನಿ ಬಿಳಿ ಬೆರೆಸುತ್ತಾರೆ. ಬೆರೆಸಬೇಕೋ ಬೇಡವೋ ಎಂದು ಮಾದರಿ ಮಾಡುವವರ ನಡುವೆ ಜಗಳ ಮುಗಿದಿಲ್ಲ. ನನ್ನ ಮಟ್ಟಿಗೆ, ಬೂದು-ಹಸಿರುಗಳಿಗೆ ಬೆರೆಸುವುದು ಸರಿ. ಕಣ್ಣಿಗೆ ಬೀಳಲೆಂದೇ ಬಳಿದ ಕೇಸರಿಗೆ ಬೇಡ.

ಅಕ್ಷರ ಮತ್ತು ಚಿಹ್ನೆಗಳನ್ನು ನೀರಿನಲ್ಲಿ ನೆನೆಸಿ ಜಾರಿಸುವ ಚೀಟಿಗಳಲ್ಲಿ ಅಂಟಿಸುವುದಾದರೆ ಮೊದಲು ಮೈಗೆ ಹೊಳಪಿನ ವಾರ್ನಿಶ್ ಕೊಡಿ. ಒರಟು ಮೈಯ ಸಣ್ಣ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡು ಚೀಟಿ ಬೆಳ್ಳಗೆ ಮಿನುಗುತ್ತದೆ. ನುಣುಪು ಮೈಯಲ್ಲಿ ಆ ತೊಂದರೆ ಇಲ್ಲ.

ಕೊಳೆ ಮತ್ತು ಗೀರು ಹಾಕುವ ಹುಮ್ಮಸ್ಸು ಕೊನೆಯಲ್ಲಿ ಎಲ್ಲರಿಗೂ ಬರುತ್ತದೆ. ತಾಳಿ. ಲಕ್ಷ್ಯ ರನ್‌ವೇ ಮೇಲೆ ಓಡುವುದಿಲ್ಲ, ರಾಕೆಟ್ಟಿನ ನೂಕಿನಿಂದ ಉಡಾವಣಾ ಚೌಕಟ್ಟಿನಿಂದಲೇ ಏರುತ್ತದೆ. ಆದ್ದರಿಂದ ಟೈರಿನ ಕೆಸರು ಎರಚಿದ ಗುರುತು ಅದಕ್ಕೆ ಇರಲಾರದು. ಇಳಿಯುವುದು ಪ್ಯಾರಾಶೂಟಿನಲ್ಲಿ, ನೆಲಕ್ಕೆ ತಾಗಿದಾಗ ಮೂಗಿನ ತುದಿ ತಾನು ಜಜ್ಜಿಹೋಗಿ ಪೆಟ್ಟನ್ನು ನುಂಗಿಕೊಂಡು ಉಳಿದ ಒಡಲನ್ನು ಕಾಯುತ್ತದೆ. ಹಲವು ಸಲ ಹಾರಿದ ಲಕ್ಷ್ಯದಲ್ಲಿ ಮೂಗು ಹೊಸದಾಗಿ, ಮೈ ಹಳತಾಗಿ ಕಾಣಬಹುದು. ಫೋಟೋದಲ್ಲಿ ಹಾಗೆ ಕಂಡರೆ ಮಾತ್ರ ಹಾಗೆ ಬಳಿಯಿರಿ.

ಮಾದರಿಯ ಪಕ್ಕದಲ್ಲಿ ಇಡುವ ಚೀಟಿಯಲ್ಲಿ ವಿಮಾನದ ಹೆಸರು, ಪ್ರಮಾಣ, ಯಾವ ವರ್ಷದ ಯಾವ ಚಿತ್ರವನ್ನು ನೋಡಿ ಮಾಡಿದ್ದು, ಯಾವ ಭಾಗ ನಿಮ್ಮ ಊಹೆ ಎಂಬಷ್ಟನ್ನು ಬರೆಯಿರಿ. ಊಹೆಯನ್ನು ಊಹೆ ಎಂದು ಬರೆಯಲು ಸಂಕೋಚ ಬೇಡ, ಸಂಗ್ರಹಾಲಯಗಳೂ ಹಾಗೆ ಬರೆಯುತ್ತವೆ. ಮಾದರಿಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಮಾತ್ರ ಇಡಬೇಡಿ, ಮೊದಲು ಮಾಸುವುದು ಕೇಸರಿಯೇ.